ಕಳಿಂಗದ ಬೆಟ್ಟಗಳೂ ಅಲ್ಲಿಯ ಜನರೂ

ಕಳಿಂಗವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಡಲು. ಪುರಿಯ ಮಳಲದಂಡೆ, ಕೋಣಾರ್ಕದ ಸೂರ್ಯದೇಗುಲ, ಮಳೆಗಾಲದಲ್ಲಿ 1,100 ಚದರ ಕಿಲೋಮೀಟರಿಗೂ ಮಿಕ್ಕು ಹರಡಿಕೊಳ್ಳುವ ಚಿಲಿಕಾ ಸರೋವರ, ಮಹಾನದಿಯ ಮುಖದಲ್ಲಿನ ಬತ್ತದ ಬಯಲು, ಇವೇ ನಾವು ಓದಿ ಬಲ್ಲ ಕಳಿಂಗ. ಆದರೆ ಈ ತೀರಕ್ಕೆ ಬೆನ್ನುಮಾಡಿ ಪಶ್ಚಿಮಕ್ಕೆ ನಡೆದರೆ ನೆಲವು ಮೆಲ್ಲಮೆಲ್ಲನೆ ಏರುತ್ತದೆ. ಪೂರ್ವಘಟ್ಟಗಳ ಸಾಲು ಎದ್ದುನಿಂತು, ಕೋರಾಪುಟ್ ಸೀಮೆಯ ದೇವಮಾಲಿ ಶಿಖರದಲ್ಲಿ 1,672 ಮೀಟರು ಎತ್ತರವನ್ನು ಮುಟ್ಟುತ್ತದೆ. ಒಡಿಶಾ ಎಂದು ಇಂದು ಕರೆಯಲ್ಪಡುವ ಆ ರಾಜ್ಯದಲ್ಲಿ, 2011ರ ಜನಗಣತಿಯಂತೆ, ನೂರಕ್ಕೆ ಸುಮಾರು 23 ಮಂದಿ ಗಿರಿಜನರು. ಅವರಲ್ಲಿ ಖೊಂಡರ ಕುಯಿ ಮತ್ತು ಕುವಿ ನುಡಿಗಳು ದ್ರಾವಿಡ ವರ್ಗಕ್ಕೆ ಸೇರಿ ನಮ್ಮ ಕನ್ನಡಕ್ಕೆ ದೂರದ ಸೋದರಿಯರಾಗಿವೆ. ಸವರರ ನುಡಿಯು ಮುಂಡಾ ವರ್ಗದ್ದು. ಈ ಬೆಟ್ಟದ ಜನರಿಗೂ ಬಯಲಿನ ಪ್ರಭುಗಳಿಗೂ ಇದ್ದ ಸಂಬಂಧವೆಂತಹುದೆಂಬುದನ್ನು ನಾವಿಲ್ಲಿ ವಿಚಾರಿಸೋಣ.

ಕ್ರಿ.ಪೂ. 261ರ ಸುಮಾರಿಗೆ ಅಶೋಕನು ಕಳಿಂಗವನ್ನು ಗೆದ್ದು ಪರಿತಪಿಸಿದ ಸಂಗತಿ ಸರ್ವವಿದಿತ. ಆ ಪರಿತಾಪವನ್ನು ಸಾರುವ 13ನೆಯ ಶಿಲಾಶಾಸನದಲ್ಲಿಯೇ ಅಡವಿಯ ಜನರಿಗೊಂದು ಮಾತುಂಟು: ಮರುಗುವ ಅರಸನಿಗೆ ದಂಡಿಸುವ ಶಕ್ತಿಯೂ ಇದೆ, ತಿದ್ದಿಕೊಳ್ಳಿರಿ ಎಂಬುದು ಅದರ ತಾತ್ಪರ್ಯ. ಕಳಿಂಗದೊಳಗಿನ ಧೌಲಿ ಮತ್ತು ಜೌಗಡದ ಬಂಡೆಗಳ ಮೇಲಾದರೋ ಆ ಶಾಸನವು ಕಾಣಬರುವುದಿಲ್ಲ. ಬಯಲಿಗೆ ಕರುಣೆ, ಅಡವಿಗೆ ಎಚ್ಚರಿಕೆ ಎಂಬ ಈ ಭೇದವು ಮುಂದೆಯೂ ಬಹುಕಾಲ ನಡೆದುಬಂದಿತು.

ಹಾಗೆಂದು ಬೆಟ್ಟವೂ ಬಯಲೂ ಬೇರೆಬೇರೆಯಾಗಿಯೇ ಬಾಳಿದುವೆಂದು ತಿಳಿಯಲಾಗದು. ಪುರಿಯ ಈಗಿನ ಜಗನ್ನಾಥ ದೇವಾಲಯವನ್ನು 12ನೆಯ ಶತಮಾನದಲ್ಲಿ ಕಟ್ಟಿಸತೊಡಗಿದವನು ಪೂರ್ವಗಂಗರ ಅನಂತವರ್ಮ ಚೋಡಗಂಗ. ಅವನ ತಾಮ್ರಶಾಸನವು ಆ ವಂಶದ ಮೂಲವನ್ನು ಗಂಗವಾಡಿಯ ಕೋಲಾಹಲಪುರಕ್ಕೆ, ಎಂದರೆ ನಮ್ಮ ಕೋಲಾರಕ್ಕೆ, ಒಯ್ದು ಮುಟ್ಟಿಸುತ್ತದೆ. ಇಂತಹ ಚಕ್ರವರ್ತಿಗಳ ದೇವನನ್ನು ಮೊದಲು ಕಾಡಿನಲ್ಲಿ ಪೂಜಿಸಿದವನು ವಿಶ್ವಾವಸುವೆಂಬ ಶಬರ ನಾಯಕನೆಂದು ಕ್ಷೇತ್ರದ ಐತಿಹ್ಯ ಹೇಳುತ್ತದೆ. ಅವನ ಸಂತತಿಯೆನಿಸಿಕೊಂಡ ದೈತಾಪತಿಗಳಿಗೆ ರಥೋತ್ಸವದಲ್ಲಿಯೂ, 2015ರಲ್ಲಿ ನಡೆದಂತಹ ನವಕಲೇವರದಲ್ಲಿಯೂ ವಿಶೇಷ ಅಧಿಕಾರವುಂಟು. ಬೇವಿನ ಮರದಿಂದ ದೇವರಿಗೆ ಹೊಸ ಮೈ ಕಡೆಯುವಾಗ ಅವರಿಲ್ಲದೆ ಕಾರ್ಯ ಸಾಗದು. ಐತಿಹ್ಯವನ್ನು ಚರಿತ್ರೆಯೆಂದು ನಾವು ಹೇಳುವುದಿಲ್ಲ. ಬಯಲು ತನ್ನ ಸಾಲವನ್ನು ಒಪ್ಪಿಕೊಂಡ ಬಗೆ ಅದೆಂದು ಮಾತ್ರ ಹೇಳುತ್ತೇವೆ.

ಇಂಗ್ಲಿಷರ ಕಾಲದಲ್ಲಿ ಆ ಸಾಲವು ಮರೆತುಹೋಯಿತು. ಕಪ್ಪದ ಬಾಕಿಗಾಗಿ ಕಂಪನಿ ಸರಕಾರವು ಘುಮ್‌ಸರದ ಅರಸನ ಮೇಲೆ ಏರಿಹೋದಾಗ ಅವನು ಖೊಂಡರ ಬೆಟ್ಟಗಳನ್ನು ಹೊಕ್ಕನು. 1835ರಿಂದ 1837ರವರೆಗೆ ನಡೆದ ಆ ಯುದ್ಧದಲ್ಲಿ, ಭೂದೇವಿಗೆ ಮನುಷ್ಯನನ್ನು ಬಲಿಗೊಡುವ ಮೆರಿಯಾ ಎಂಬ ಪದ್ಧತಿ ಅಧಿಕಾರಿಗಳ ಕಣ್ಣಿಗೆ ಬಿದ್ದಿತು. ಅದನ್ನಡಗಿಸಲು 1845ರಲ್ಲಿ ಪ್ರತ್ಯೇಕ ಏಜೆನ್ಸಿಯೇ ಏರ್ಪಟ್ಟು 1861ರವರೆಗೆ ನಡೆಯಿತು. ಆ ಬಲಿ ಘೋರವಾದುದು, ನಿಂತದ್ದು ಲೇಸಾಯಿತು. ಕೋಣವು ಮನುಷ್ಯನ ಸ್ಥಾನಕ್ಕೆ ಬಂದಿತು. ಆದರೆ ಬಲಿಗೆ ಬೇಕಾದವರನ್ನು ಅನೇಕ ವೇಳೆ ಬಯಲಿನಿಂದ ತಂದು ಮಾರುತ್ತಿದ್ದ ವ್ಯಾಪಾರಿಗಳೂ ಇದ್ದರೆಂಬುದನ್ನು ನಾವು ಮರೆಯಬಾರದು. ಹಲವು ಊರುಗಳನ್ನು ಸುಟ್ಟು ಸಾಧಿಸಿದ ಆ ಸುಧಾರಣೆಯ ತರುವಾಯ, ಖೊಂಡನೆಂದರೆ ನರಬಲಿಯವನೆಂಬ ಹೆಸರೊಂದೇ ಹೊರಲೋಕದಲ್ಲಿ ಉಳಿಯಿತು.

ಆ ಹೆಸರಿನ ಮರೆಯಲ್ಲಿದ್ದ ಬಾಳಾದರೂ ಎಂತಹದು? ರಾಯಗಡ ಮತ್ತು ಕಲಾಹಾಂಡಿ ಜಿಲ್ಲೆಗಳ ನಡುವಣ ನಿಯಮಗಿರಿಯನ್ನು ನೋಡಬೇಕು. ಅಲ್ಲಿಯ ಡೊಂಗ್ರಿಯಾ ಖೊಂಡರು ಇಳಿಜಾರುಗಳಲ್ಲಿ ರಾಗಿ, ಸಾಮೆ, ಅರಿಸಿನ, ಅನಾನಸು ಬೆಳೆಯುತ್ತಾರೆ. ಹಲಸು ಮಾವುಗಳನ್ನು ಕಾಪಾಡುತ್ತಾರೆ. ಬೆಟ್ಟವೇ ಅವರಿಗೆ ನಿಯಮರಾಜನೆಂಬ ದೈವ. ನೆತ್ತಿಯ ಕಾಡನ್ನು ಕಡಿಯಬಾರದೆಂಬುದು ಅವನ ಕಟ್ಟಳೆ. ತೊರೆಗಳು ಹುಟ್ಟಿಬರುವುದೂ ಅಲ್ಲಿಂದಲೇ. ಅದೇ ನೆತ್ತಿಯಲ್ಲಿ ಅಲ್ಯುಮಿನಿಯಮಿನ ಅದಿರಾದ ಬಾಕ್ಸೈಟ್ ಇದೆ. ಅದನ್ನು ಅಗೆಯುವ ಪ್ರಸ್ತಾಪ ಬಂದಾಗ, ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 18ರಂದು ಗ್ರಾಮಸಭೆಗಳ ಮುಂದೆ ಈ ಪ್ರಶ್ನೆಯನ್ನಿಡಬೇಕೆಂದು ತೀರ್ಪಿತ್ತಿತು. ಆ ವರ್ಷದ ಮಳೆಗಾಲದಲ್ಲಿ 12 ಹಳ್ಳಿಗಳು ಸಭೆ ಸೇರಿದುವು. ಹನ್ನೆರಡೂ ಬೇಡವೆಂದುವು. 2014ರ ಜನವರಿಯಲ್ಲಿ ಕೇಂದ್ರ ಸರಕಾರವು ಅನುಮತಿಯನ್ನು ನಿರಾಕರಿಸಿತು.

ಅದಿರಿನ ಆಸೆ ಇದರಿಂದ ಎಂದೆಂದಿಗೂ ಅಡಗಿತೆಂದು ನಾವು ಭಾವಿಸುವುದಿಲ್ಲ. ಚರಿತ್ರೆಯ ದೃಷ್ಟಿಯಿಂದ ಗಮನಿಸಬೇಕಾದುದು ಬೇರೆ. ಅಶೋಕನ ಎಚ್ಚರಿಕೆಗೆ ಅಡವಿಯವರು ಕೊಟ್ಟ ಉತ್ತರ ಯಾವ ಬಂಡೆಯ ಮೇಲೂ ಇಲ್ಲ. ಕಂಪನಿಯ ಕಡತಗಳಲ್ಲಿ ಇರುವುದು ಅಧಿಕಾರಿಗಳ ಮಾತು. 2013ರಲ್ಲಿಯಾದರೋ ಪ್ರಭುತ್ವವು ಬೆಟ್ಟದವರನ್ನು ಕೇಳಿತು, ಅವರು ಹೇಳಿದ್ದನ್ನು ಬರೆದುಕೊಂಡಿತು. ಮುಂದೆ ಕಳಿಂಗದ ಚರಿತ್ರೆಯನ್ನು ಬರೆಯುವವರು ಕೋಣಾರ್ಕದ ಕಲ್ಲುಗಳ ಜೊತೆಗೆ ಆ ಹನ್ನೆರಡು ಹಳ್ಳಿಗಳ ಕಾಗದಗಳನ್ನೂ ಓದತಕ್ಕದ್ದು.