ಊರ ಕಾವಲಿಗೆ ದೊರೆತ ಮನ್ನಣೆ

ತಿರುಮಕೂಡಲು ನರಸೀಪುರ ಮತ್ತು ನಂಜನಗೂಡು ಸೀಮೆಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1894ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಅರಸರ ದಾನಗಳನ್ನೂ ದೇವಾಲಯಗಳ ದತ್ತಿಗಳನ್ನೂ ಅರಸಿ ಇಂತಹ ಸಂಪುಟಗಳನ್ನು ತೆರೆಯುವ ನಾವು, ತುರುಗಳನ್ನು ಮರಳಿಸಹೋಗಿ ಮಡಿದವನ, ಊರಳಿವಿನಲ್ಲಿ ಹೋರಾಡಿ ಬಿದ್ದವನ ವೀರಗಲ್ಲಿನ ಮುಂದೆ ಸಾಕಷ್ಟು ಹೊತ್ತು ನಿಲ್ಲುವುದಿಲ್ಲವೆಂಬುದು ನನ್ನ ಕೊರಗು. ತಲಕಾಡಿನ ಗಂಗರ ಕಾಲದಿಂದಲೂ ಹೀಗೆ ಬಿದ್ದವನ ಮನೆಯವರಿಗೆ ಕಲ್ನಾಡೆಂದೂ, ಮುಂದಿನ ಕಾಲದಲ್ಲಿ ನೆತ್ತರುಗೊಡಗೆಯೆಂದೂ ಭೂಮಿಯನ್ನು ಬಿಡುತ್ತಿದ್ದರು. ಕಾವಲೆಂಬುದು ಕೇವಲ ತೋಳ್ಬಲವಲ್ಲ, ಊರೂ ಅರಸೂ ಒಪ್ಪಿ ಮನ್ನಿಸಿದ ಅಧಿಕಾರವೆಂಬ ಭಾವನೆ ಆ ಭೂದಾನದಲ್ಲಿಯೇ ಅಡಗಿದ್ದಿತು.

ವಿದ್ಯಾಸ್ಥಾನಗಳ ವಿಷಯದಲ್ಲಿ ಈ ಮನ್ನಣೆ ಬೇರೊಂದು ರೂಪವನ್ನು ತಾಳಿತು. ರಾಷ್ಟ್ರಕೂಟರೇ ಮೊದಲಾದವರ ತಾಮ್ರಪಟಗಳಲ್ಲಿ, ದತ್ತವಾದ ಗ್ರಾಮವು ‘ಅಚಾಟಭಟಪ್ರವೇಶ್ಯ’ವೆಂದು, ಅರ್ಥಾತ್ ಅರಸನ ಭಟರು ಒಳಹೊಗಬಾರದ ನೆಲವೆಂದು ಸಾರಲಾಗುತ್ತಿತ್ತು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ನರಸೀಪುರ ಸೀಮೆಯಲ್ಲಿ ನೆಲೆಗೊಳಿಸಿದ ಸೋಮನಾಥಪುರದಂತಹ ಅಗ್ರಹಾರಗಳಲ್ಲಿ ಊರಿನ ಆಡಳಿತವೆಲ್ಲ ಮಹಾಜನರ ಹೊಣೆಯಾಗಿದ್ದಿತು. 1894ರಲ್ಲಿ ಅಮೆರಿಕೆಯ ಯೇಲ್ ವಿಶ್ವವಿದ್ಯಾನಿಲಯವು ತನ್ನ ಆವರಣಕ್ಕೆ ಪ್ರತ್ಯೇಕ ಪೊಲೀಸರನ್ನು ಪಡೆದ ವಾರ್ತೆಯನ್ನೂ, ಅಂತಹ ಆವರಣ ಪೊಲೀಸರ ಯೋಗ್ಯತೆಯನ್ನು ಪರೀಕ್ಷಿಸಿ ಮಾನ್ಯತೆ ನೀಡುವ ಮಂಡಲಿಗಳು ಅಲ್ಲಿ ಇಂದು ಇರುವುದನ್ನೂ ಓದುವವರಿಗೆ, ವಿದ್ಯೆಯ ನೆಲದ ರಕ್ಷಣೆಯನ್ನು ಯಾರು ವಹಿಸಬೇಕು, ಅವರ ಅಧಿಕಾರವನ್ನು ಯಾರು ಒಪ್ಪಬೇಕು ಎಂಬ ಪ್ರಶ್ನೆಗಳು ನಮಗೂ ಹಳೆಯವೇ ಎಂದು ನೆನಪಿಸುವುದು ಅನುಚಿತವಾಗಲಾರದು.

ಆದರೆ ನಿಜವಾದ ಪರೀಕ್ಷೆ ನಡೆದುದು ಸಾಮಾನ್ಯ ಹಳ್ಳಿಯಲ್ಲಿ. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅವರು 1810ರಲ್ಲಿ ಪ್ರಕಟಿಸಿದ ಇತಿಹಾಸದಲ್ಲಿ ಹೇಳುವ ಊರಿನ ಸೇವೆಗಾಗಿ ಆಯ ಪಡೆಯುತ್ತಿದ್ದ ಹನ್ನೆರಡು ಆಯಗಾರರ ಪೈಕಿ ಗೌಡ, ಶಾನುಭೋಗ, ನೀರುಗಂಟಿಗಳ ಜೊತೆಯಲ್ಲಿ ತಳವಾರ, ತೋಟಿಗಳೂ ಇದ್ದರು. ಅಪರಾಧದ ಸುಳಿವು ಹಿಡಿಯುವುದು, ಪಯಣಿಗರನ್ನು ಮುಂದಿನ ಊರಿನವರೆಗೆ ಕಾದು ಕಳುಹಿಸುವುದು ತಳವಾರನ ಕರ್ತವ್ಯ. ಪೈರು ಕಾಯುವುದು, ಅಳತೆಗೆ ನೆರವಾಗುವುದು ತೋಟಿಯದು. ಕಳ್ಳನ ಹೆಜ್ಜೆಯ ಜಾಡನ್ನು ಹಿಡಿದು ಹೊರಟ ಕಾವಲಿನವನು ಆ ಜಾಡು ನೆರೆಯೂರಿನ ಎಲ್ಲೆಯನ್ನು ಹೊಕ್ಕಿತೆಂದು ತೋರಿಸಿಕೊಟ್ಟರೆ ಹೊಣೆ ಆ ಊರಿನದಾಗುತ್ತಿತ್ತು. ತೋರಿಸಲಾರದಿದ್ದರೆ, ದಕ್ಷಿಣದೇಶದ ಹಲವೆಡೆಗಳಲ್ಲಿ, ನಷ್ಟವನ್ನು ಅವನೇ ತುಂಬಿಕೊಡಬೇಕಾಗುತ್ತಿತ್ತು. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅಳೆದುಕೊಡುತ್ತಿದ್ದ ಆಯವು ಊರಿನ ಒಪ್ಪಿಗೆ; ಮಾನ್ಯವಾಗಿ ಬಿಟ್ಟ ಇನಾಂ ಭೂಮಿಯು ದೊರೆಯ ಒಪ್ಪಿಗೆ. ಇವೆರಡೂ ಇಲ್ಲದ ಕಾವಲಿಗೆ ಹಳ್ಳಿಯಲ್ಲಿ ಬೆಲೆಯಿರಲಿಲ್ಲ. ಇದನ್ನು ಕೇವಲ ಸುಂದರವಾದ ಗ್ರಾಮಜೀವನವೆಂದು ಕೊಂಡಾಡಲು ನನಗೆ ಮನಸ್ಸೊಪ್ಪದು. ತೋಟಿಯ ಕೆಲಸ ಬಹುಮಟ್ಟಿಗೆ ಅಸ್ಪೃಶ್ಯರೆಂದು ದೂರವಿರಿಸಿದವರ ಹೆಗಲಿಗೇ ಬಿದ್ದಿತ್ತು. ಇಡೀ ಊರಿನ ರಾಶಿಯನ್ನು ಕಾದವನಿಗೆ ಅದೇ ಊರಿನ ಬಾವಿಯ ನೀರು ಸಲ್ಲುತ್ತಿರಲಿಲ್ಲ.

ದಿವಾನ್ ಪೂರ್ಣಯ್ಯನವರ ಕಾಲದಲ್ಲಿಯೂ, 1831ರ ಅನಂತರದ ಬ್ರಿಟಿಷ್ ಕಮಿಷನರ ಆಡಳಿತದಲ್ಲಿಯೂ ತಾಲ್ಲೂಕುಗಳ ಪೊಲೀಸ್ ಕೆಲಸವನ್ನು ಅಮಲ್ದಾರರ ಕೈಕೆಳಗಿನ ಕಂದಾಚಾರವೆಂಬ ಪಡೆಯ ಆಳುಗಳು ನಡೆಸುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ ಪೊಲೀಸ್ ಕಾಯಿದೆಯೂ ಗ್ರಾಮಾಧಿಕಾರಗಳ ಕಾಯಿದೆಯೂ 1908ರಲ್ಲಿಯೇ ಬಂದುವು: ಸಮವಸ್ತ್ರದ ಪೇದೆಗೆ ಒಂದು, ಇನಾಂ ಭೂಮಿಯ ತಳವಾರ ತೋಟಿಗಳಿಗೆ ಇನ್ನೊಂದು. ಅಂದಿನಿಂದ ನಂಜನಗೂಡಿನ ನಂಜುಂಡೇಶ್ವರನ ದೊಡ್ಡ ಜಾತ್ರೆಯಂತಹ ಜನಸಂದಣಿಯ ಬಂದೋಬಸ್ತು ಹೆಚ್ಚುಹೆಚ್ಚಾಗಿ ಠಾಣೆಯದಾಯಿತು. ಹೊಲ, ಕೆರೆ, ಕಣಗಳ ಕಾವಲು ಮಾತ್ರ ಹಳಬರದೇ ಆಗಿ ಉಳಿಯಿತು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು, ವಂಶಪಾರಂಪರ್ಯದ ಹುದ್ದೆಗಳು ಕೊನೆಗೊಂಡುವು. ಇನಾಂ ಜಮೀನುಗಳನ್ನು ಸರ್ಕಾರವು ವಶಕ್ಕೆ ತೆಗೆದುಕೊಂಡು, ಹುದ್ದೆಯಲ್ಲಿದ್ದವರಿಗೇ ಮರಳಿ ಮಂಜೂರು ಮಾಡಲು ಏರ್ಪಾಡು ಮಾಡಿತು. ತಲೆಮಾರುಗಳ ಬಿಟ್ಟಿಸೇವೆಯಿಂದ ಬಿಡುಗಡೆ ಹೊಂದಿದ ಕುಟುಂಬಗಳಿಗೆ ಈ ಕಾಯಿದೆಯು ಮಾಡಿದ ಉಪಕಾರ ಅಲ್ಪವಲ್ಲ.

ಹುದ್ದೆ ಹೋದರೂ ಹೆಸರು ಹೋಗಲಿಲ್ಲ. ಈ ಸೀಮೆಯಲ್ಲಿ ನಾಯಕ ಸಮುದಾಯದ ಹಲವು ಮನೆಗಳಿಗೆ ತಳವಾರ, ಪರಿವಾರ ಎಂಬ ಹೆಸರುಗಳೇ ನಿಂತುವು. ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಅವು ಕಾಣದಿದ್ದುದರಿಂದ ಮಕ್ಕಳ ಪ್ರಮಾಣಪತ್ರಗಳಿಗೆ ತೊಡಕಾಗುತ್ತಿತ್ತು. 2020ರಲ್ಲಿ ಸಂಸತ್ತು ಪಟ್ಟಿಯನ್ನು ತಿದ್ದಿ, ನಾಯಕರೊಡನೆ ಪರಿವಾರ, ತಳವಾರರನ್ನೂ ಸೇರಿಸಿತು.