ಕಿರಿಯ ವಕೀಲರ ವೃತ್ತಿ: ಸಾರ್ವಜನಿಕ, ಸ್ಪರ್ಧಾ ಮತ್ತು ವಾಣಿಜ್ಯ ಕಾನೂನು – ಚನ್ನಪಟ್ಟಣ ಭಾಗದ ಕಾನೂನು ಪದವೀಧರರಿಗೆ ಮಾಹಿತಿ

ಕಾನೂನು ಪದವಿ ಪಡೆದು ವಕೀಲಿ ವೃತ್ತಿಯನ್ನು ಪ್ರವೇಶಿಸಲಿಚ್ಛಿಸುವ ಚನ್ನಪಟ್ಟಣ, ರಾಮನಗರ, ಕನಕಪುರ ಮತ್ತು ಮಾಗಡಿ ಭಾಗದ ಅಭ್ಯರ್ಥಿಗಳ ಹಾಗೂ ಅವರ ಪೋಷಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರಚನೆಗೊಂಡ ಈ ಪ್ರದೇಶಕ್ಕೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರನ್ನು ನೀಡಲಾಯಿತು. ಹಳೆಯ ದಾಖಲೆಗಳಲ್ಲಿ ಮೊದಲಿನ ಹೆಸರೇ ಇರುವುದರಿಂದ ಅರ್ಜಿಗಳಲ್ಲಿ ತಾಲ್ಲೂಕಿನ ಹೆಸರನ್ನು ಸ್ಪಷ್ಟವಾಗಿ ನಮೂದಿಸುವುದು ಸೂಕ್ತ.

ಸಾರ್ವಜನಿಕ ಕಾನೂನು, ಸ್ಪರ್ಧಾ ಕಾನೂನು ಮತ್ತು ವಾಣಿಜ್ಯ ಕಾನೂನು ಮಹಾನಗರದ ದೊಡ್ಡ ಕಚೇರಿಗಳಿಗೆ ಮಾತ್ರ ಸೇರಿದ ಕ್ಷೇತ್ರಗಳೆಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಅಂತಿಮ ವಾದ ಬೆಂಗಳೂರಿನಲ್ಲಿಯೋ ನವದೆಹಲಿಯಲ್ಲಿಯೋ ನಡೆಯಬಹುದು. ಆದರೆ ಆ ವಾದಕ್ಕೆ ಆಧಾರವಾಗುವ ಕಡತ ಸಿದ್ಧವಾಗುವುದು ತಾಲ್ಲೂಕು ಕಚೇರಿಯಲ್ಲಿ, ಭೂಸ್ವಾಧೀನಾಧಿಕಾರಿಯ ಮುಂದೆ, ಗೊಂಬೆ ತಯಾರಕರ ಲೆಕ್ಕಪುಸ್ತಕದಲ್ಲಿ. ಆ ಹಂತದಲ್ಲಿ ಬಿಟ್ಟುಹೋದ ಸಾಕ್ಷ್ಯವನ್ನು ಮೇಲಿನ ಹಂತದಲ್ಲಿ ಸೇರಿಸಲು ಬಹುತೇಕ ಪ್ರಕರಣಗಳಲ್ಲಿ ಅವಕಾಶವಿರುವುದಿಲ್ಲ.

ನೋಂದಣಿ ಮತ್ತು ಶುಲ್ಕ

ಭಾರತದಲ್ಲಿ ಬ್ಯಾರಿಸ್ಟರ್, ಪ್ಲೀಡರ್, ವಕೀಲ ಎಂಬ ಹಿಂದಿನ ಭೇದಗಳು ವಕೀಲರ ಅಧಿನಿಯಮ, 1961ರ ನಂತರ ಉಳಿದಿಲ್ಲ. ಈಗಿರುವುದು ವಕೀಲರು ಮತ್ತು ಹಿರಿಯ ವಕೀಲರೆಂಬ ಎರಡೇ ವರ್ಗ. ಮಾನ್ಯತೆ ಪಡೆದ ಕಾನೂನು ಪದವಿ ಹೊಂದಿ 21 ವರ್ಷ ಪೂರೈಸಿದ ಭಾರತೀಯ ನಾಗರಿಕರು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬಹುದು.

ಶುಲ್ಕದ ವಿಷಯದಲ್ಲಿ ಅಭ್ಯರ್ಥಿಗಳು ವಿಶೇಷ ಗಮನ ನೀಡತಕ್ಕದ್ದು. ಅಧಿನಿಯಮದ 24ನೇ ಕಲಂ ಪ್ರಕಾರ ನೋಂದಣಿ ಶುಲ್ಕವು ರಾಜ್ಯ ಪರಿಷತ್ತಿಗೆ ರೂ. 600 ಮತ್ತು ಭಾರತೀಯ ವಕೀಲರ ಪರಿಷತ್ತಿಗೆ ರೂ. 150. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಇದು ಕ್ರಮವಾಗಿ ರೂ. 100 ಮತ್ತು ರೂ. 25 ಮಾತ್ರ. ವಿವಿಧ ರಾಜ್ಯಗಳ ಪರಿಷತ್ತುಗಳು ಇದಕ್ಕಿಂತ ಹಲವು ಪಟ್ಟು ಹೆಚ್ಚಿನ ಮೊತ್ತವನ್ನು ಬೇರೆ ಬೇರೆ ಶೀರ್ಷಿಕೆಗಳಡಿ ಪಡೆಯುತ್ತಿದ್ದ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯವು ಗೌರವ್ ಕುಮಾರ್ ಪ್ರಕರಣದಲ್ಲಿ 2024ರ ಜುಲೈ 30ರಂದು ಕಾನೂನುಬಾಹಿರವೆಂದು ಘೋಷಿಸಿತು. ಐಚ್ಛಿಕ ಎಂಬ ಹೆಸರಿನಲ್ಲಿಯೂ ಹೆಚ್ಚುವರಿ ಮೊತ್ತ ಪಡೆಯುವಂತಿಲ್ಲವೆಂದು 2025ರ ಆಗಸ್ಟ್ ತಿಂಗಳಲ್ಲಿ ಸ್ಪಷ್ಟಪಡಿಸಿತು. ಮುದ್ರಾಂಕ ಶುಲ್ಕವು ಅನ್ವಯವಾಗುವಲ್ಲಿ ಪ್ರತ್ಯೇಕ. ಕೂಲಿ ಮಾಡಿ ಮಕ್ಕಳನ್ನು ಓದಿಸಿದ ಕುಟುಂಬಕ್ಕೆ ಈ ವ್ಯತ್ಯಾಸ ಸಣ್ಣದಲ್ಲ.

2009-10ನೇ ಶೈಕ್ಷಣಿಕ ವರ್ಷ ಮತ್ತು ಆನಂತರ ಪದವಿ ಪಡೆದವರು ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಈ ಪರೀಕ್ಷೆಯನ್ನು ಸಂವಿಧಾನ ಪೀಠವು 2023ರ ಫೆಬ್ರವರಿ 10ರಂದು ಎತ್ತಿಹಿಡಿದಿದೆ. ತಾತ್ಕಾಲಿಕ ನೋಂದಣಿ ಪಡೆದವರು ಎರಡು ವರ್ಷಗಳೊಳಗೆ ಉತ್ತೀರ್ಣರಾಗತಕ್ಕದ್ದು. ನೋಂದಾಯಿತ ವಕೀಲರು ಪೂರ್ಣಾವಧಿ ವೇತನದ ಉದ್ಯೋಗದಲ್ಲಿರುವಂತಿಲ್ಲ, ಸ್ವತಃ ವ್ಯಾಪಾರ ನಡೆಸುವಂತಿಲ್ಲ. ಮನೆತನದ ಗೊಂಬೆ ಅಂಗಡಿ ಅಥವಾ ನೂಲು ಬಿಚ್ಚಾಣಿಕೆ ಘಟಕವನ್ನು ನೋಡಿಕೊಳ್ಳುತ್ತಿರುವವರು ನೋಂದಣಿಗೆ ಮೊದಲು ಈ ನಿಯಮವನ್ನು ಪರಿಶೀಲಿಸುವುದು ಅಗತ್ಯ.

ಆರಂಭದ ವರ್ಷಗಳು

ಕಿರಿಯ ವಕೀಲರು ಹಿರಿಯರೊಬ್ಬರ ಕಚೇರಿಗೆ ಸೇರಿ ಕೆಲಸ ಕಲಿಯುವುದು ರೂಢಿ. ವಕಾಲತ್ತು ಸಲ್ಲಿಸುವುದು, ವಾಯಿದೆ ಬರೆದಿಟ್ಟುಕೊಳ್ಳುವುದು, ದೃಢೀಕೃತ ನಕಲಿಗೆ ಅರ್ಜಿ ಹಾಕುವುದು, ಆದೇಶ ಹಾಳೆ ಓದುವುದು, ಪಾಟೀ ಸವಾಲಿಗೆ ಟಿಪ್ಪಣಿ ಸಿದ್ಧಪಡಿಸುವುದು ಮೊದಲ ಎರಡು ವರ್ಷಗಳ ಕೆಲಸ. ಹಿರಿಯರು ವೇತನ ನೀಡಲೇಬೇಕೆಂಬ ಕಾನೂನಿಲ್ಲ. ನಗರ ಪ್ರದೇಶದಲ್ಲಿ ತಿಂಗಳಿಗೆ ಕನಿಷ್ಠ ರೂ. 20,000 ಮತ್ತು ಗ್ರಾಮೀಣ ಪ್ರದೇಶದಲ್ಲಿ ರೂ. 15,000 ನೀಡುವಂತೆ ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಇದು ಶಿಫಾರಸು, ಆದೇಶವಲ್ಲ. ಆದ್ದರಿಂದ ಕಚೇರಿ ಸೇರುವ ಮೊದಲೇ ಭತ್ಯೆಯ ಬಗ್ಗೆ ಕೇಳಿ ತಿಳಿಯುವುದರಲ್ಲಿ ಸಂಕೋಚ ಬೇಡ.

ತಾಲ್ಲೂಕು ನ್ಯಾಯಾಲಯದ ವ್ಯವಹಾರ ಬಹುಮಟ್ಟಿಗೆ ಕನ್ನಡದಲ್ಲಿ ನಡೆಯುತ್ತದೆ. ಸಂವಿಧಾನದ 348ನೇ ಅನುಚ್ಛೇದದ ಕಾರಣ ಉಚ್ಚ ನ್ಯಾಯಾಲಯದ ಭಾಷೆ ಇಂಗ್ಲಿಷ್. ಪಹಣಿ, ಹಕ್ಕು ಬದಲಾವಣೆ ಪುಸ್ತಕ, ಗ್ರಾಮ ಪಂಚಾಯಿತಿಯ ನಡವಳಿಗಳನ್ನು ಸರಿಯಾಗಿ ಓದಿ ನಿಖರವಾಗಿ ಇಂಗ್ಲಿಷಿಗೆ ತರಬಲ್ಲ ಕಿರಿಯರನ್ನು ಬೆಂಗಳೂರಿನ ರಿಟ್ ವಕೀಲರು ಹುಡುಕುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದನ್ನು ಕೊರತೆಯೆಂದು ಭಾವಿಸುವುದು ತಪ್ಪು ಎಣಿಕೆ. ರಾಮನಗರ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಜನಿಸಿದ ಕೆಂಗಲ್ ಹನುಮಂತಯ್ಯನವರು ವಕೀಲಿ ವೃತ್ತಿಯಿಂದಲೇ ಸಾರ್ವಜನಿಕ ಜೀವನಕ್ಕೆ ಬಂದವರು. ಮುಖ್ಯಮಂತ್ರಿಯಾಗಿ ಅವರು ಕಟ್ಟಿಸಿದ ವಿಧಾನಸೌಧದ ಎದುರಿನ ಅಠಾರಾ ಕಚೇರಿಯೇ ಇಂದು ಉಚ್ಚ ನ್ಯಾಯಾಲಯದ ಪ್ರಧಾನ ಪೀಠದ ಕಟ್ಟಡ.

ಸಾರ್ವಜನಿಕ ಕಾನೂನು

ಸರ್ಕಾರ ಅಥವಾ ಸಾರ್ವಜನಿಕ ಪ್ರಾಧಿಕಾರದ ಆದೇಶವನ್ನು ಪ್ರಶ್ನಿಸುವ, ಇಲ್ಲವೇ ಸಮರ್ಥಿಸುವ ಕೆಲಸ ಈ ಕ್ಷೇತ್ರಕ್ಕೆ ಸೇರಿದೆ. ಚನ್ನಪಟ್ಟಣದಲ್ಲಿ ಇದರ ಸಾಮಾನ್ಯ ರೂಪ ಖಾತೆ ಬದಲಾವಣೆಯ ತಕರಾರು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 136ನೇ ಕಲಮಿನಡಿ ಮೇಲ್ಮನವಿ ಉಪವಿಭಾಗಾಧಿಕಾರಿಗೆ, ಪುನರೀಕ್ಷಣೆ ಜಿಲ್ಲಾಧಿಕಾರಿಗೆ, ಆನಂತರ 226 ಮತ್ತು 227ನೇ ಅನುಚ್ಛೇದಗಳಡಿ ಉಚ್ಚ ನ್ಯಾಯಾಲಯಕ್ಕೆ ಹೋಗಬಹುದು. ಕಂದಾಯ ಅಧಿಕಾರಿಗಳು ಮಾಲೀಕತ್ವವನ್ನು ತೀರ್ಮಾನಿಸುವಂತಿಲ್ಲ. ಅದು ಸಿವಿಲ್ ನ್ಯಾಯಾಲಯದ ಕೆಲಸ. ಈ ಭೇದವನ್ನು ಕಕ್ಷಿದಾರರಿಗೆ ಮೊದಲ ದಿನವೇ ತಿಳಿಸದಿದ್ದರೆ ಕಂದಾಯ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಅಲೆದ ನಂತರ ಸಿವಿಲ್ ದಾವೆ ಹೂಡುವ ಸ್ಥಿತಿ ಬರುತ್ತದೆ.

ಬೆಂಗಳೂರು–ಮೈಸೂರು ರಾಷ್ಟ್ರೀಯ ಹೆದ್ದಾರಿ 275ರ ವಿಸ್ತರಣೆ ಈ ಭಾಗದ ರೈತರನ್ನು ಭೂಸ್ವಾಧೀನ ಕಾನೂನಿನ ಎದುರು ನಿಲ್ಲಿಸಿತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ರಸ್ತೆ ಚನ್ನಪಟ್ಟಣ ಪಟ್ಟಣವನ್ನು ಹೊರಗಿನಿಂದ ಬಳಸಿ ಹೋಗುತ್ತದೆ. ರಾಷ್ಟ್ರೀಯ ಹೆದ್ದಾರಿಗಳ ಅಧಿನಿಯಮ, 1956ರಡಿ ಸಕ್ಷಮ ಪ್ರಾಧಿಕಾರಿಯು ಪರಿಹಾರದ ಐತೀರ್ಪು ನೀಡುತ್ತಾರೆ. ಅದು ಒಪ್ಪಿಗೆಯಾಗದಿದ್ದರೆ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ, ಸಾಮಾನ್ಯವಾಗಿ ಜಿಲ್ಲಾಧಿಕಾರಿಯವರ ಮುಂದೆ, ಅರ್ಜಿ ಸಲ್ಲಿಸಬೇಕು. ಅದರ ನಂತರ ಮಧ್ಯಸ್ಥಿಕೆ ಅಧಿನಿಯಮ, 1996ರ 34ನೇ ಕಲಮಿನಡಿ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು.

ಇಲ್ಲಿ ಎರಡು ಅಂಶಗಳು ಕಿರಿಯ ವಕೀಲರಿಗೆ ಕಂಠಪಾಠವಾಗಿರಬೇಕು. 34ನೇ ಕಲಮಿನ ಅರ್ಜಿಗೆ ಐತೀರ್ಪು ತಲುಪಿದ ದಿನದಿಂದ ಮೂರು ತಿಂಗಳ ಅವಧಿಯಿದೆ. ಸಕಾರಣವಿದ್ದರೆ ಇನ್ನು 30 ದಿನ. ಅದರಾಚೆ ಒಂದು ದಿನ ತಡವಾದರೂ ಕ್ಷಮಿಸುವ ಅಧಿಕಾರ ನ್ಯಾಯಾಲಯಕ್ಕಿಲ್ಲ. ಎರಡನೆಯದಾಗಿ, ಈ ಕಲಮಿನಡಿ ನ್ಯಾಯಾಲಯವು ಪರಿಹಾರದ ಮೊತ್ತವನ್ನು ತಾನೇ ಹೆಚ್ಚಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಎಂ. ಹಕೀಮ್ ಪ್ರಕರಣದಲ್ಲಿ ತೀರ್ಮಾನಿಸಿತು. 2025ರ ಏಪ್ರಿಲ್ 30ರಂದು ಗಾಯತ್ರಿ ಬಾಲಸಾಮಿ ಪ್ರಕರಣದಲ್ಲಿ ಸಂವಿಧಾನ ಪೀಠವು ಐತೀರ್ಪನ್ನು ಮಾರ್ಪಡಿಸುವ ಅಧಿಕಾರವನ್ನು ಸೀಮಿತವಾಗಿ ಒಪ್ಪಿಕೊಂಡಿದ್ದರೂ ಅದು ಮೇಲ್ಮನವಿಯಂತಲ್ಲ. ಆದ್ದರಿಂದ ಅಕ್ಕಪಕ್ಕದ ಜಮೀನಿನ ಕ್ರಯಪತ್ರ, ತೆಂಗು ಮತ್ತು ಮಾವಿನ ಮರಗಳ ಮೌಲ್ಯ, ಕೊಳವೆಬಾವಿ, ಹಿಪ್ಪುನೇರಳೆ ತೋಟದ ಆದಾಯ ಇವೆಲ್ಲದರ ದಾಖಲೆಯನ್ನು ಮಧ್ಯಸ್ಥಗಾರರ ಮುಂದೆಯೇ ಹಾಜರುಪಡಿಸಬೇಕು. ಉಚ್ಚ ನ್ಯಾಯಾಲಯದ ಎಂತಹ ಸಮರ್ಥ ವಕೀಲರಿಗೂ ಆನಂತರ ಅದನ್ನು ತುಂಬಿಕೊಡುವುದು ಕಷ್ಟ.

ದಾಖಲೆ ಪಡೆಯಲು ಮಾಹಿತಿ ಹಕ್ಕು ಅಧಿನಿಯಮ, 2005 ಸುಲಭ ಸಾಧನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು. ಉದ್ದದ ಅರ್ಜಿಗಳು ಹಿಂದಿರುಗಲು ಇದೇ ಕಾರಣ.

ಸರ್ಕಾರದ ಪರವಾಗಿ ವಾದಿಸುವ ಅವಕಾಶವೂ ಉಂಟು. ಜಿಲ್ಲಾ ಸರ್ಕಾರಿ ವಕೀಲರು ಮತ್ತು ಅಪರ ಸರ್ಕಾರಿ ವಕೀಲರ ನೇಮಕಾತಿಯು ಕಾನೂನು ಅಧಿಕಾರಿಗಳ ನಿಯಮಗಳು, 1977ರಂತೆ ನಡೆಯುತ್ತದೆ.

ವಾಣಿಜ್ಯ ಕಾನೂನು

ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮ, 2015 ಜಾರಿಯಾದಾಗ ಒಂದು ಕೋಟಿ ರೂಪಾಯಿಗಿಂತ ಕಡಿಮೆ ಮೌಲ್ಯದ ವಿವಾದಗಳು ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. 2018ರ ತಿದ್ದುಪಡಿ ಈ ಮಿತಿಯನ್ನು ಮೂರು ಲಕ್ಷ ರೂಪಾಯಿಗೆ ಇಳಿಸಿತು. ಸಣ್ಣ ಪಟ್ಟಣದ ವರ್ತಕರ ಬಾಕಿ ಹಣದ ವಿವಾದವೂ ಇದರಿಂದ ವಾಣಿಜ್ಯ ದಾವೆಯಾಯಿತು. ತುರ್ತು ಮಧ್ಯಂತರ ಪರಿಹಾರ ಕೋರದ ದಾವೆಗೆ ಮೊದಲು ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಧ್ಯಸ್ಥಿಕೆಗೆ ಯತ್ನಿಸುವುದು ಕಡ್ಡಾಯ. 2022ರ ಪಾಟೀಲ್ ಆಟೋಮೇಷನ್ ತೀರ್ಪಿನಂತೆ, ಆ ವರ್ಷದ ಆಗಸ್ಟ್ 20ರ ನಂತರ ಈ ಹಂತವನ್ನು ಬಿಟ್ಟು ಹೂಡಿದ ದಾವೆ ತಿರಸ್ಕೃತವಾಗುತ್ತದೆ. ಪ್ರತಿವಾದಿಯು ಸಮನ್ಸ್ ಜಾರಿಯಾದ 120 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸದಿದ್ದರೆ ಆ ಹಕ್ಕು ಇಲ್ಲವಾಗುತ್ತದೆ. ಸಿವಿಲ್ ದಾವೆಯ ಸಾವಕಾಶಕ್ಕೆ ಒಗ್ಗಿದ ಕಚೇರಿಗಳು ಎಡವುವುದು ಇಲ್ಲಿಯೇ.

ಗೊಂಬೆ ತಯಾರಕರ ಬಿಲ್ಲು ಬಾಕಿ ಉಳಿದಾಗ ದಾವೆಯೊಂದೇ ದಾರಿಯಲ್ಲ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಅಧಿನಿಯಮ, 2006ರಂತೆ ಖರೀದಿದಾರರು ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಗರಿಷ್ಠ 45 ದಿನಗಳಲ್ಲಿ ಹಣ ಪಾವತಿಸಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ಆದರೆ ಸರಕು ಪೂರೈಸುವ ಮೊದಲೇ ಘಟಕವು ಉದ್ಯಮ್ ನೋಂದಣಿ ಹೊಂದಿರಬೇಕು. ವಿವಾದ ಎದ್ದ ನಂತರ ಮಾಡಿಸಿದ ನೋಂದಣಿ ಹಿಂದಿನ ಬಾಕಿಗೆ ನೆರವಾಗುವುದಿಲ್ಲ. ಕಕ್ಷಿದಾರರು ಬಿಲ್ಲು ಹಿಡಿದು ಬಂದಾಗ ಕಿರಿಯ ವಕೀಲರು ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ಚನ್ನಪಟ್ಟಣದ ಆಟಿಕೆ ಮತ್ತು ಗೊಂಬೆಗಳಿಗೆ ಭೌಗೋಳಿಕ ಸೂಚಕ ನೋಂದಣಿಯಿದೆ. ಆ ಹೆಸರಿನ ದುರ್ಬಳಕೆಯ ವಿರುದ್ಧದ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ನ್ಯಾಯಾಲಯದಲ್ಲಿ ಹೂಡುವಂತಿಲ್ಲ. 2021ರ ಜನವರಿ 1ರಿಂದ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋ ಗುರುತು ಕಡ್ಡಾಯವಾದಾಗ, ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಿಗೂ 2020ರ ಡಿಸೆಂಬರ್‌ನ ತಿದ್ದುಪಡಿಯಲ್ಲಿ ವಿನಾಯಿತಿ ನೀಡಲಾಯಿತು. ಕೈಯಲ್ಲಿ ಕಲೆಯಿದ್ದು ನೋಂದಣಿಯಿಲ್ಲದ ಕುಶಲಕರ್ಮಿಗೆ ಈ ವಿನಾಯಿತಿ ಸಿಗುವುದಿಲ್ಲ. ಇಂತಹವರಿಗೆ ನೋಂದಣಿ ಮಾಡಿಸಿಕೊಡುವುದು ನ್ಯಾಯಾಲಯದ ಮೆಟ್ಟಿಲು ಹತ್ತದೆಯೇ ಮಾಡಬಹುದಾದ ವಕೀಲಿ ಕೆಲಸ.

ಸ್ಪರ್ಧಾ ಕಾನೂನು

ಮೂರರಲ್ಲಿ ಹೊಸದು ಇದು. ಏಕಸ್ವಾಮ್ಯ ಕುರಿತ 1969ರ ಅಧಿನಿಯಮದ ಸ್ಥಾನದಲ್ಲಿ ಬಂದ ಸ್ಪರ್ಧಾ ಅಧಿನಿಯಮ, 2002ರ ಮುಖ್ಯ ನಿಷೇಧಗಳು 2009ರ ಮೇ 20ರಿಂದ ಜಾರಿಯಲ್ಲಿವೆ. ಬೆಲೆ ನಿಗದಿ, ಟೆಂಡರ್‌ನಲ್ಲಿ ಒಳಒಪ್ಪಂದ, ಪ್ರಬಲ ಸ್ಥಾನದ ದುರುಪಯೋಗ ಇವುಗಳ ಬಗ್ಗೆ ಯಾವುದೇ ವ್ಯಕ್ತಿ ನವದೆಹಲಿಯ ಭಾರತೀಯ ಸ್ಪರ್ಧಾ ಆಯೋಗಕ್ಕೆ ನಿಗದಿತ ಶುಲ್ಕದೊಂದಿಗೆ ಮಾಹಿತಿ ಸಲ್ಲಿಸಬಹುದು. 2023ರ ತಿದ್ದುಪಡಿಯ ನಂತರ ಇದಕ್ಕೆ ಮೂರು ವರ್ಷಗಳ ಕಾಲಮಿತಿಯಿದೆ. ಮೇಲ್ಮನವಿ 2017ರಿಂದ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗುತ್ತದೆ.

ಕನ್ನಡಿಗರಿಗೆ ಪರಿಚಿತವಾದ ಉದಾಹರಣೆ ಡಬ್ಬಿಂಗ್ ಪ್ರಕರಣ. ಕನ್ನಡ ಗ್ರಾಹಕರ ಕೂಟವು 2012ರಲ್ಲಿ ಸಲ್ಲಿಸಿದ ಮಾಹಿತಿಯ ಮೇಲೆ ಆಯೋಗವು 2015ರ ಜುಲೈ 27ರಂದು ಆದೇಶ ನೀಡಿ, ಡಬ್ ಆದ ಕಾರ್ಯಕ್ರಮಗಳ ಪ್ರದರ್ಶನಕ್ಕೆ ತಡೆಯೊಡ್ಡಿದ್ದು ಸ್ಪರ್ಧಾ ವಿರೋಧಿಯೆಂದು ಹೇಳಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ವಿಧಿಸಿತು. ದೂರಿತ್ತವರು ಪೈಪೋಟಿಯ ಉದ್ಯಮಿಗಳಲ್ಲ, ಪ್ರೇಕ್ಷಕರ ಪರವಾದ ಗ್ರಾಹಕ ಸಂಘಟನೆ ಎಂಬುದು ಗಮನಾರ್ಹ.

ಆಯೋಗದ ತನಿಖಾ ಆದೇಶವನ್ನು ರಿಟ್ ಅರ್ಜಿಯ ಮೂಲಕ ಪ್ರಶ್ನಿಸಿದಾಗ ಸ್ಪರ್ಧಾ ಕಾನೂನು ಮತ್ತು ಸಾರ್ವಜನಿಕ ಕಾನೂನು ಒಂದೇ ಕಡತದಲ್ಲಿ ಸೇರುತ್ತವೆ. ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಕುರಿತು 2020ರ ಜನವರಿಯಲ್ಲಿ ಆದೇಶಿಸಲಾದ ತನಿಖೆಯ ವಿರುದ್ಧದ ರಿಟ್ ಅರ್ಜಿಗಳನ್ನು ಕರ್ನಾಟಕ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ 2021ರ ಜೂನ್ 11ರಂದು ವಜಾಗೊಳಿಸಿತು. ಜುಲೈ 23ರಂದು ವಿಭಾಗೀಯ ಪೀಠ ಅದನ್ನು ಎತ್ತಿಹಿಡಿಯಿತು.

ಜಿಲ್ಲೆಯ ಮಟ್ಟದಲ್ಲಿ ಸ್ಪರ್ಧಾ ಪ್ರಕರಣಗಳು ವಿರಳವೆಂದು ಒಪ್ಪಬೇಕು. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಖರೀದಿದಾರರು ಒಳಒಪ್ಪಂದದಿಂದ ಬೆಲೆ ಕೂಗುತ್ತಿದ್ದಾರೆಂದು ಬೆಳೆಗಾರರೊಬ್ಬರು ಶಂಕಿಸಿದರು ಎಂದಿಟ್ಟುಕೊಂಡರೆ, ಹರಾಜಿನ ಸ್ಥಾನಿಕ ಲೋಪಕ್ಕೆ ರೇಷ್ಮೆ ಇಲಾಖೆಯ ಮಾರುಕಟ್ಟೆ ಅಧಿಕಾರಿಗೆ ದೂರು ನೀಡುವುದು ತ್ವರಿತ ಮಾರ್ಗ. ಆಯೋಗಕ್ಕೆ ಹೋಗಲು ಹಲವು ದಿನಗಳ ಹರಾಜಿನ ಅಂಕಿಗಳು, ಪರಸ್ಪರ ಸಂಪರ್ಕದ ಸುಳಿವು ಬೇಕು. ಬೆಲೆ ಒಟ್ಟಿಗೆ ಇಳಿಯಿತೆಂಬುದೊಂದೇ ಸಾಲದು. ಆಹಾರ ನಿಗಮಕ್ಕೆ ಧಾನ್ಯ ಸಂರಕ್ಷಣೆಯ ಮಾತ್ರೆ ಪೂರೈಸುವ ಟೆಂಡರಿನಲ್ಲಿ ಕಂಪನಿಗಳು ವರ್ಷಗಟ್ಟಲೆ ಒಂದೇ ದರ ಸೂಚಿಸಿದ್ದನ್ನು ಇತರ ಸಂಗತಿಗಳೊಡನೆ ಸೇರಿಸಿ ನೋಡಿದ ಮೇಲೆಯೇ 2017ರಲ್ಲಿ ಎಕ್ಸೆಲ್ ಕ್ರಾಪ್ ಕೇರ್ ತೀರ್ಪು ಒಳಒಪ್ಪಂದವನ್ನು ಒಪ್ಪಿತು.

ಶಿಷ್ಯವೇತನ ಮತ್ತು ಅನುಭವ ಪ್ರಮಾಣಪತ್ರ

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ಸಂಬಂಧಪಟ್ಟ ಕಲ್ಯಾಣ ಇಲಾಖೆಗಳು ಸರ್ಕಾರಿ ವಕೀಲರ ಅಥವಾ ಅನುಭವಿ ವಕೀಲರ ಬಳಿ ತರಬೇತಿಯ ಅವಧಿಗೆ ಮಾಸಿಕ ಶಿಷ್ಯವೇತನ ನೀಡುತ್ತವೆ. ಮೊತ್ತ, ವಯೋಮಿತಿ ಮತ್ತು ಆದಾಯ ಮಿತಿಗಳನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ನೋಡಿಕೊಂಡು ಜಿಲ್ಲಾ ಅಧಿಕಾರಿಯವರ ಕಚೇರಿಗೆ ಅರ್ಜಿ ಸಲ್ಲಿಸತಕ್ಕದ್ದು.

ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷಗಳ ವೃತ್ತಿ ಅನುಭವ ಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಮೇ 20ರಂದು ತೀರ್ಪು ನೀಡಿತು. ಆ ತೀರ್ಪಿನಂತೆ ಅವಧಿಯನ್ನು ತಾತ್ಕಾಲಿಕ ನೋಂದಣಿಯ ದಿನದಿಂದ ಎಣಿಸಲಾಗುತ್ತದೆ. ಕನಿಷ್ಠ ಹತ್ತು ವರ್ಷ ಅನುಭವವುಳ್ಳ ವಕೀಲರ ಪ್ರಮಾಣಪತ್ರಕ್ಕೆ ನ್ಯಾಯಾಂಗ ಅಧಿಕಾರಿಯ ಮೇಲುರುಜು ಬೇಕಾಗುತ್ತದೆ. ಪ್ರತಿ ನೇಮಕಾತಿಯ ಅಧಿಸೂಚನೆಯಲ್ಲಿನ ಷರತ್ತನ್ನು ಪರಿಶೀಲಿಸತಕ್ಕದ್ದು. ವಕಾಲತ್ತಿನಲ್ಲಿ ತಮ್ಮ ಹೆಸರು ಸೇರಿರುವ ಪ್ರಕರಣಗಳ ಸಂಖ್ಯೆ, ನ್ಯಾಯಾಲಯ ಮತ್ತು ಹಾಜರಾದ ದಿನಾಂಕಗಳನ್ನು ಮೊದಲ ದಿನದಿಂದಲೇ ದಿನಚರಿಯಲ್ಲಿ ಬರೆದಿಡುವ ಕಿರಿಯ ವಕೀಲರಿಗೆ ಈ ಪ್ರಮಾಣಪತ್ರ ಪಡೆಯುವುದು ಸುಲಭವಾಗುತ್ತದೆ.