ಒಂದೇ ಮನೆ ಮುಂದಿಟ್ಟ ಕಾಲಾಳು

ಮೊಬೈಲಿನಲ್ಲಿ ಚೆಸ್ ಆಡುವವರು ‘ಕ್ವೀನ್ಸ್ ಇಂಡಿಯನ್ ಡಿಫೆನ್ಸ್’ ಎಂಬ ಹೆಸರು ನೋಡಿರುತ್ತೀರಿ. ಅದರಲ್ಲಿ ‘ಇಂಡಿಯನ್’ ಎಲ್ಲಿಂದ ಬಂತು?

1850ರ ಸುಮಾರಿಗೆ ಕಲ್ಕತ್ತಾದಲ್ಲಿದ್ದ ಬ್ರಿಟಿಷ್ ವಕೀಲ ಜಾನ್ ಕಾಕ್ರೇನ್, ಬಂಗಾಳದ ಮಹೇಶ್ಚಂದ್ರ ಬ್ಯಾನರ್ಜಿ ಜೊತೆ ನೂರಾರು ಆಟ ಆಡಿದರು. ನಮ್ಮ ದೇಶಿ ಚದುರಂಗದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತಿತ್ತು. ಆ ರೂಢಿಯ ಬ್ಯಾನರ್ಜಿ ಅವಸರ ಮಾಡದೆ, ಒಂಟೆಯನ್ನು ಅಂಚಿನಲ್ಲಿ ನಿಲ್ಲಿಸಿ ದೂರದಿಂದ ಗುರಿ ಇಡುತ್ತಿದ್ದರು. ಇಂಥ ಆರಂಭಗಳಿಗೇ ‘ಇಂಡಿಯನ್’ ಎಂಬ ಹೆಸರು ಬಿತ್ತು.

ಈಗ ಎಂಬತ್ತು ವರ್ಷ ಮುಂದೆ ಬನ್ನಿ. 1930-31, ಇಂಗ್ಲೆಂಡಿನ ಹೇಸ್ಟಿಂಗ್ಸ್ ಟೂರ್ನಿ. ಕಪ್ಪು ಕಾಯಿ ಹಿಡಿದವರು ಕ್ಯೂಬಾದ ಕಾಪಬ್ಲಾಂಕಾ, 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್. ಬಿಳಿ ಕಾಯಿ ಪಂಜಾಬಿನ ಹಳ್ಳಿಯ ಮೀರ್ ಸುಲ್ತಾನ್ ಖಾನ್ ಅವರದು. ಜಮೀನ್ದಾರ ಸರ್ ಉಮರ್ ಹಯಾತ್ ಖಾನ್ ಅವರನ್ನು ಲಂಡನ್ನಿಗೆ ಕರೆತಂದಿದ್ದರು. ದೇಶಿ ನಿಯಮದಲ್ಲಿ ಬೆಳೆದ ಸುಲ್ತಾನ್, ಯುರೋಪಿನ ನಿಯಮ ಕಲಿತದ್ದು ಪ್ರಾಯಕ್ಕೆ ಬಂದ ಮೇಲೆ.

ಕಾಪಬ್ಲಾಂಕಾ ಹೂಡಿದ್ದು ಕ್ವೀನ್ಸ್ ಇಂಡಿಯನ್. ಐದನೇ ನಡೆಯಲ್ಲಿ ಸುಲ್ತಾನ್ ಎಡ ಅಂಚಿನ ಕಾಲಾಳನ್ನು ಒಂದೇ ಮನೆ ಮುಂದಿಟ್ಟರು. ನೋಡುವವರಿಗೆ ಸುಮ್ಮನೆ ಒಂದು ನಡೆ ದಂಡ ಎನಿಸುತ್ತದೆ. ಆದರೆ ಕಪ್ಪು ಒಂಟೆ ಬಂದು ಬಿಳಿ ಕುದುರೆಯನ್ನು ಕಟ್ಟಿಹಾಕುವ ಜಾಗ ಅಲ್ಲಿಗೆ ಮುಚ್ಚಿತು. ಮುಂದೆ ಸುಲ್ತಾನ್ ತಮ್ಮ ರಾಣಿಯನ್ನು ಕೊಟ್ಟು ಎದುರಾಳಿಯ ಎರಡೂ ಆನೆಗಳನ್ನು ಪಡೆದರು. ಆಮೇಲೆ ಹಿಡಿತ ಬಿಡಲಿಲ್ಲ. 65ನೇ ನಡೆಗೆ ಕಾಪಬ್ಲಾಂಕಾ ಸೋಲೊಪ್ಪಿದರು.

1929, 1932, 1933ರಲ್ಲಿ ಸುಲ್ತಾನ್ ಬ್ರಿಟಿಷ್ ಚಾಂಪಿಯನ್. 1933ರ ಕೊನೆಗೆ ಜಮೀನ್ದಾರರೊಂದಿಗೆ ಊರಿಗೆ ಮರಳಿದರು, ದೊಡ್ಡ ಟೂರ್ನಿಗಳು ಅಲ್ಲಿಗೆ ಮುಗಿದವು. ದೇಶ ವಿಭಜನೆಯಾದಾಗ ಅವರ ಊರು ಪಾಕಿಸ್ತಾನಕ್ಕೆ ಸೇರಿತು. 1966ರಲ್ಲಿ ಅಲ್ಲೇ ತೀರಿಕೊಂಡರು.

1950ರಲ್ಲಿ ವಿಶ್ವ ಚೆಸ್ ಸಂಸ್ಥೆ ‘ಫಿಡೆ’ ಗ್ರಾಂಡ್‌ಮಾಸ್ಟರ್ ಪಟ್ಟ ಕೊಡಲು ಶುರು ಮಾಡಿತು. ಹಳೆಯ ಆಟಗಾರರಿಗೂ ಕೊಟ್ಟಿತು. ಬದುಕಿದ್ದ ಸುಲ್ತಾನರಿಗೆ ಕೊಡಲಿಲ್ಲ. ಗೌರವ ಗ್ರಾಂಡ್‌ಮಾಸ್ಟರ್ ಪಟ್ಟ ಬಂದದ್ದು 2024ರಲ್ಲಿ, ತೀರಿಕೊಂಡು ಸುಮಾರು 58 ವರ್ಷವಾದ ಮೇಲೆ.

ಕ್ವೀನ್ಸ್ ಇಂಡಿಯನ್‌ನಲ್ಲಿ ಆ ಅಂಚಿನ ಕಾಲಾಳಿನ ನಡೆಗೆ ಈಗ ಸೋವಿಯತ್ ಚಾಂಪಿಯನ್ ಪೆಟ್ರೋಸಿಯನ್ ಹೆಸರಿದೆ. ಅವರು ಅದನ್ನು ಬಹಳ ಆಡಿದರು, ಹೆಸರು ಸಿಕ್ಕಿತು, ತಪ್ಪಲ್ಲ. ನಿಮ್ಮ ಮೊಬೈಲಿನಲ್ಲಿ ಆ ಹೆಸರು ಕಂಡಾಗ, ಪೆಟ್ರೋಸಿಯನ್ ಒಂದೂವರೆ ವರ್ಷದ ಮಗುವಾಗಿದ್ದಾಗಲೇ ಹೇಸ್ಟಿಂಗ್ಸ್‌ನಲ್ಲಿ ಆ ಕಾಲಾಳನ್ನು ಮುಂದಿಟ್ಟ ಪಂಜಾಬಿನ ಹಳ್ಳಿಯವರನ್ನೂ ನೆನೆಯಿರಿ.